ಪದಚರ್ಚೆ: ‘ಚಿಂತೆ’, ‘ವಿಕೃತಿ’, ‘ಮನೆಗೆಲಸ’ (ಕರಪತ್ರಕ್ಕೆ ತುರ್ತಾಗಿ ಬೇಕು)

ಬದಿಯಡ್ಕದಿಂದ:

ಮಾನ್ಯರೇ,

ಇಲ್ಲಿನ ಒಂದು ಶಿಬಿರಕ್ಕಾಗಿ ‘ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ’ (ಸಿಬಿಟಿ) ಎಂಬ, ಯೋಚನೆ-ನಡವಳಿಕೆಗಳನ್ನು ಪರಿಶೀಲಿಸಿ ಬದಲಿಸಿಕೊಳ್ಳುವ ಮನೋಚಿಕಿತ್ಸೆಯನ್ನು ಪರಿಚಯಿಸುವ ಮಲಯಾಳ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕು. ಹೆಸರನ್ನು ‘ಸಂಜ್ಞಾನಾತ್ಮಕ ವರ್ತನಾ ಚಿಕಿತ್ಸೆ’ ಎಂದು ಬರೆದು, ನನಗೇ ಅರ್ಥವಾಗದೆ, ‘ಅರಿವು-ವರ್ತನಾ ಚಿಕಿತ್ಸೆ’ ಎಂದು ತಿದ್ದಿದ್ದೇನೆ. ಥಟ್ಟನೆ ಮನಸ್ಸಿಗೆ ಬರುವ ‘ಆಟೋಮ್ಯಾಟಿಕ್ ಥಾಟ್’, ಅದು ನಿಜವನ್ನು ತಿರುಚಿ ತೋರಿಸುವ ‘ಡಿಸ್ಟಾರ್ಶನ್’, ಚಿಕಿತ್ಸಕರು ಕೊಡುವ ‘ಹೋಮ್‌ವರ್ಕ್’ ಇವು ಮೂರೂ ನನ್ನ ಕರಡಿನಲ್ಲಿ ಸ್ವಯಂಚಾಲಿತ ಚಿಂತೆ, ಚಿಂತನಾ ವಿಕೃತಿ, ಮನೆಗೆಲಸ ಎಂದಿವೆ. ದಯವಿಟ್ಟು ತಿದ್ದಿರಿ.

ಮಂಜೇಶ್ವರದಿಂದ:

‘ಅರಿವು-ವರ್ತನಾ’ ಎಂಬುದು ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ ಅರಿಸಮಾಸ. ನಡುವೆ ಗೆರೆ ಎಳೆದ ಮಾತ್ರಕ್ಕೆ ದೋಷ ಹೋಗುವುದಿಲ್ಲ. ಅದಿರಲಿ, ‘ಚಿಕಿತ್ಸೆ’ಯ ಹುಟ್ಟನ್ನಾದರೂ ನೋಡಿದ್ದೀರಾ? ಪಾಣಿನಿಯ ‘ಗುಪ್ತಿಜ್ಕಿದ್ಭ್ಯಃ ಸನ್’ ಸೂತ್ರದಂತೆ ಅದು ಸನ್ನಂತ, ಎಂದರೆ ‘ಸನ್’ ಪ್ರತ್ಯಯ ಹತ್ತಿದ ರೂಪ. ಇಂದಿನ ಭಾಷಾವಿಜ್ಞಾನಿಗಳು ಅದನ್ನು ‘ಚಿತ್’ ಧಾತುವಿಗೆ ಸೇರಿಸಿ ‘ತಿಳಿಯಬಯಸುವುದು’ ಎಂಬ ಮೂಲಾರ್ಥವನ್ನು ಹೇಳುತ್ತಾರೆ. ಚಿಕಿತ್ಸೆಯೊಳಗೇ ಅರಿವಿರುವಾಗ ಮುಂದೆ ಇನ್ನೊಂದು ಅರಿವನ್ನು ಅಂಟಿಸುವುದು ಪುನರುಕ್ತಿ. ‘ಸಂಜ್ಞಾನ’ವನ್ನೇ ಉಳಿಸಿಕೊಳ್ಳಿ.

ನೀರ್ಚಾಲಿನಿಂದ:

ಶಿಬಿರಕ್ಕೆ ಬರುವವರು ಸನ್ನಂತವನ್ನು ಬಿಡಿಸಿಕೊಂಡು ಬರುವುದಿಲ್ಲ. ಅರಿಸಮಾಸಕ್ಕೆ ಬಿರುದಾವಳಿಗಳಲ್ಲಿ ವ್ಯಾಕರಣಕಾರ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಇದನ್ನೂ ಒಂದು ಬಿರುದೆಂದೇ ತಿಳಿಯೋಣ. ಆದರೂ ‘ವರ್ತನಾ’ ಬಿಟ್ಟು ‘ನಡವಳಿಕೆ’ ಎಂದರೆ ಜಗಳವೂ ಉಳಿಯುವುದಿಲ್ಲ, ಓದುವವರಿಗೂ ಹಿತ. ‘ನಡತೆ’ ಮಾತ್ರ ಬೇಡ; ಅದು ಶಾಲೆಯ ನಡತೆಪತ್ರವನ್ನು ನೆನಪಿಸುತ್ತದೆ.

ನಿಜವಾದ ಅಪಾಯವಿರುವುದು ‘ಚಿಂತೆ’ಯಲ್ಲಿ. ಮಲಯಾಳದ ‘ಚಿಂತ’ ಎಂದರೆ ಬರಿಯ ಯೋಚನೆ, ನಮ್ಮ ‘ಚಿಂತೆ’ಯಾದರೋ ಕಳವಳ. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ಖಿನ್ನತೆಯವರಲ್ಲಿ ಗುರುತಿಸಿದ್ದು, ಅವರು ಕರೆಯದೆಯೇ ಮೂಡಿ, ಪರೀಕ್ಷೆಗೊಳಗಾಗದೆ ನಿಜವೆನಿಸಿಬಿಡುವ ಯೋಚನೆಗಳನ್ನು. ಮಧೂರು ದೇವಸ್ಥಾನದಲ್ಲಿ ಪರಿಚಿತರೊಬ್ಬರು ಮಾತನಾಡಿಸದೆ ಹೋದರೆನ್ನಿ. ‘ನನ್ನನ್ನು ಕಂಡರೆ ಇವರಿಗೆ ಆಗದು’ ಎನ್ನುವುದು ಯೋಚನೆ, ಅದರಿಂದಾದ ಬೇಸರ ಭಾವನೆ, ಮುಂದಿನ ವಾರ ಮನೆಯಿಂದ ಹೊರಡದಿರುವುದು ನಡವಳಿಕೆ. ಹೊರಡದಿದ್ದುದರಿಂದಲೇ ಆ ಯೋಚನೆ ತಪ್ಪಿರಬಹುದೆಂದು ತಿಳಿಯುವ ಸಂದರ್ಭವೂ ತಪ್ಪಿಹೋಗುತ್ತದೆ. ಈ ಎಳೆಗಳನ್ನು ಬೇರೆಬೇರೆಯಾಗಿ ಗುರುತಿಸಿ, ಯೋಚನೆಗೆ ಪರವಾಗಿ ಏನಿದೆ, ವಿರುದ್ಧವಾಗಿ ಏನಿದೆ ಎಂದು ಬರೆದು ನೋಡಿ, ಹೊಸ ನಡೆಯೊಂದನ್ನು ಪ್ರಯತ್ನಿಸಿ ನೋಡುವುದೇ ಈ ಚಿಕಿತ್ಸೆಯಾಗಿರುವಾಗ, ಯೋಚನೆಯನ್ನೂ ಕಳವಳವನ್ನೂ ಒಂದೇ ‘ಚಿಂತೆ’ಯ ಗಂಟಿಗೆ ಕಟ್ಟಿದರೆ ಬಿಡಿಸಲು ಏನೂ ಉಳಿಯುವುದಿಲ್ಲ. ‘ನಿಮ್ಮ ಚಿಂತೆಗಳನ್ನು ಬರೆಯಿರಿ’ ಎಂದರೆ ನಮ್ಮವರು ಮಗಳ ಮದುವೆ, ಅಡಕೆಯ ಕೊಳೆರೋಗ, ಬ್ಯಾಂಕಿನ ಸಾಲ ಎಂದು ಬರೆದುಕೊಡುತ್ತಾರೆ.

‘ವಿಕೃತಿ’ಯನ್ನು ಕೂಡಲೇ ಹೊಡೆದುಹಾಕಿ. ಮೊದಲೇ ಅಂಜುತ್ತ ಬಂದವರ ಕೈಗೆ ‘ನಿಮ್ಮಲ್ಲಿ ವಿಕೃತಿಯಿದೆ’ ಎಂಬ ಕಾಗದವನ್ನು ಕೊಡಬಾರದು. ಒಂದು ಸೋಲಿನಿಂದ ಎಲ್ಲವೂ ಮುಗಿಯಿತೆನ್ನುವುದು, ಇನ್ನೊಬ್ಬರ ಮನಸ್ಸನ್ನು ತಾನೇ ಓದಿದೆನೆನ್ನುವುದು ಯಾರಿಗೂ ಆಗುವ ‘ಯೋಚನೆಯ ಓರೆ’, ಅಷ್ಟೆ. ‘ಸ್ವಯಂಚಾಲಿತ’ ಅಕ್ಕಿಗಿರಣಿಗಿರಲಿ, ‘ತಾನಾಗಿ ಬರುವ ಯೋಚನೆ’ ಸಾಕು. ‘ಮನೆಗೆಲಸ’ ಎಂದು ಅಚ್ಚುಹಾಕಿಸಿದರೆ, ಕಸ ಗುಡಿಸಿ ಪಾತ್ರೆ ತೊಳೆಯುವುದನ್ನು ಹೇಳಿಕೊಡಲು ಶಿಬಿರವೇಕೆ ಎಂದು ಹೆಂಗಸರು ಎದ್ದುಹೋದಾರು. ‘ಮನೆಯಲ್ಲಿ ಮಾಡುವ ಅಭ್ಯಾಸ’ ಎನ್ನಿ.

ಮಂಜೇಶ್ವರದಿಂದ:

ಬಿರುದಾವಳಿಯ ವಿನಾಯಿತಿಯನ್ನು ಕರಪತ್ರಕ್ಕೆ ಹಚ್ಚುವುದು ತಮಾಷೆ. ‘ಯೋಚನೆಯ ಓರೆ’ ಮನೆಮಾತು, ಪರಿಭಾಷೆಯಲ್ಲ. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದಲೂ ಮಲಯಾಳದ ಕಾಗದಗಳನ್ನು ಕನ್ನಡ ಲಿಪಿಗೆ ಇಳಿಸುತ್ತ ಬಂದುದರ ಫಲವೇ ಈ ‘ಚಿಂತೆ’. ಮೂಲವನ್ನು ಇಂಗ್ಲಿಷಿನಿಂದಲೇ ನೋಡಿದ್ದರೆ ಇದು ನುಸುಳುತ್ತಿರಲಿಲ್ಲ.

ನೀರ್ಚಾಲಿನಿಂದ:

ಇಂಗ್ಲಿಷಿನಿಂದ ನೇರವಾಗಿ ಬಂದುದೇ ಆ ‘ಮನೆಗೆಲಸ’. ನುಸುಳುವುದಕ್ಕೆ ಗಡಿ ಯಾವುದಾದರೇನು?

ಬದಿಯಡ್ಕದಿಂದ:

ಇಬ್ಬರಿಗೂ ವಂದನೆಗಳು. ‘ಅರಿವು-ನಡವಳಿಕೆ ಚಿಕಿತ್ಸೆ’, ‘ತಾನಾಗಿ ಬರುವ ಯೋಚನೆ’, ‘ಯೋಚನೆಯ ಓರೆ’, ‘ಮನೆಯಲ್ಲಿ ಮಾಡುವ ಅಭ್ಯಾಸ’ ಎಂದು ತಿದ್ದಿದ್ದೇನೆ. ವೈದ್ಯರ ಚೀಟಿಯಲ್ಲಿ ‘ಸಿಬಿಟಿ’ ಎಂದೇ ಇರುವುದರಿಂದ ಹೆಸರಿನ ಕೆಳಗೆ ಅದನ್ನೂ ಸೇರಿಸಿದ್ದೇನೆ. ಅರಿಸಮಾಸ ಇನ್ನೂ ಪೂರ್ತಿ ಬಿಟ್ಟಿಲ್ಲವೆಂದು ಗೊತ್ತು; ಆದರೆ ಮುದ್ರಣಾಲಯದವರು ಎರಡು ಸಲ ಕರೆಮಾಡಿಯಾಯಿತು.