ಪದಚರ್ಚೆ: ಫೋನನ್ನು ಕಂಪ್ಯೂಟರಿ‘ಗೆ’ ಸಿಂಕ್ ಮಾಡುವುದೋ, ಕಂಪ್ಯೂಟರಿನ ‘ಜೊತೆ’ ಸಿಂಕ್ ಮಾಡುವುದೋ?

ಗೆಳೆಯರೇ,

‘ಸಿಂಕ್’ಗೆ, ಅಂದರೆ ಎರಡು ಸಾಧನಗಳಲ್ಲಿ ಇರುವುದನ್ನು ತಂತಾನೇ ಒಂದೇ ಥರ ಇಡುವ ಏರ್ಪಾಟಿಗೆ, ಕನ್ನಡದಲ್ಲಿ ಏನನ್ನೋಣ ಅಂತ ಕೇಳುವುದಕ್ಕೆ ಈ ಓಲೆ ಶುರು ಮಾಡಿದೆ. ಈಗ ನೋಡಿದರೆ ಆ ಪದಕ್ಕಿಂತ ಅದರ ಪಕ್ಕದಲ್ಲಿ ಕೂತಿರುವ ಪುಟ್ಟ ‘ಗೆ’ ಪ್ರತ್ಯಯವೇ ನನ್ನನ್ನು ಜಾಸ್ತಿ ಕಾಡುತ್ತಿದೆ. ಸ್ವಲ್ಪ ಉದ್ದವಾಯಿತು, ಸಹಿಸಿಕೊಳ್ಳಿ.

ತೀರ್ಥಹಳ್ಳಿ ಕಡೆ ನನ್ನ ಸೋದರಮಾವ ಇದ್ದಾರೆ. ಮೂವತ್ತು ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್, ಕೈಯಲ್ಲಿ ಹೊಸ ಫೋನು. ಫೋನಿನ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಲು ಪ್ರತಿ ಸಲ ವೈರು ಹುಡುಕಬೇಕು. ಸಿಕ್ಕ ವೈರು ಚಾರ್ಜ್ ಮಾಡುತ್ತದೆ, ಫೋಟೋ ಸಾಗಿಸುವುದಿಲ್ಲ. ಹೋದ ವರ್ಷ ಹಬ್ಬಕ್ಕೆ ಹೋದಾಗ ನಾನು ಒಂದು ಪುಕ್ಕಟೆ ತಂತ್ರಾಂಶ ಹಾಕಿಕೊಟ್ಟೆ. ಫೋನಿನಲ್ಲೂ ಅದೇ, ಕಂಪ್ಯೂಟರಿನಲ್ಲೂ ಅದೇ. ಎರಡೂ ಮನೆಯ ವೈ-ಫೈಗೆ ಸೇರಿಕೊಂಡರೆ ಸಾಕು, ಕ್ಯಾಮೆರಾ ಫೋಲ್ಡರ್ ತಂತಾನೇ ಹೋಗುತ್ತದೆ. “ಮಾವ, ನಿಮ್ಮ ಫೋನನ್ನ ಕಂಪ್ಯೂಟರಿಗೆ ಸಿಂಕ್ ಮಾಡಿದೀನಿ, ಇನ್ನು ವೈರಿನ ರಗಳೆ ಇಲ್ಲ” ಅಂತ ಹೇಳಿ ಬೆಂಗಳೂರಿಗೆ ಬಂದೆ.

ಮೂರು ತಿಂಗಳಾದ ಮೇಲೆ ಮಾವನ ಫೋನು ಬಂತು. “ಏನು ಮಾರಾಯ, ಕಂಪ್ಯೂಟರಿಗೆ ಹಾಕಿದೀನಿ ಅಂದಿದ್ಯಲ್ಲ, ಅಲ್ಲೂ ಇಲ್ಲ, ಇಲ್ಲೂ ಇಲ್ಲ!”

ಆಗಿದ್ದಿಷ್ಟು. ಫೋನಿನಲ್ಲಿ ಜಾಗ ತುಂಬಿದೆ ಅಂತ ಸೂಚನೆ ಬಂದಿದೆ. ಹೇಗೂ ಕಂಪ್ಯೂಟರಿಗೆ ಹೋಗಿದೆಯಲ್ಲ ಅಂತ ಮಾವ ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ಅಳಿಸಿದ್ದಾರೆ. ಅಚ್ಚುಕಟ್ಟಿನ ಮನುಷ್ಯ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದಾರೆ. ತಂತ್ರಾಂಶ ತನ್ನ ಕೆಲಸ ತಾನು ಸರಿಯಾಗಿಯೇ ಮಾಡಿದೆ. ಫೋನಿನಲ್ಲಿ ಇಲ್ಲದ್ದು ಕಂಪ್ಯೂಟರಿನಲ್ಲಿ ಯಾಕಿರಬೇಕು ಅಂತ ಅಲ್ಲೂ ಅಳಿಸಿದೆ. ಮಗಳ ಸೀಮಂತದ ಫೋಟೋಗಳು, ಆ ವರ್ಷದ ಅಡಿಕೆ ಕೊನೆಕೊಯ್ಲಿನ ಫೋಟೋಗಳು ಎಲ್ಲಾ ಹೋದವು. ಸೀಮಂತದ್ದು ಒಂದಷ್ಟು ನೆಂಟರ ವಾಟ್ಸಾಪಿನಲ್ಲಿ ಸಿಕ್ಕವು. ಅಡಿಕೆ ಕೊನೆಯ ಫೋಟೋ ಯಾವ ನೆಂಟ ಇಟ್ಟುಕೊಳ್ಳುತ್ತಾನೆ?

ತಪ್ಪು ಪೂರ್ತಿ ನನ್ನದು. ಅಳಿಸಿದ ಕಡತದ ಹಳೇ ಪ್ರತಿಯನ್ನು ಬೇರೆ ಕಡೆ ಎತ್ತಿಡುವ ಅನುಕೂಲ ಅದರಲ್ಲೇ ಇತ್ತು, ನಾನು ಚಾಲೂ ಮಾಡಿರಲಿಲ್ಲ. ಆದರೆ ಅದಕ್ಕಿಂತ ಮೊದಲಿನ ತಪ್ಪು ಒಂದಿದೆ. ನಾನು ಆಡಿದ ವಾಕ್ಯ. ‘ಕಂಪ್ಯೂಟರಿಗೆ ಸಿಂಕ್ ಮಾಡಿದೀನಿ’ ಅಂದರೆ ಕನ್ನಡದ ಕಿವಿಗೆ ಏನು ಕೇಳಿಸುತ್ತದೆ?

ಡಬ್ಬಿಗೆ ಹಾಕು. ಬ್ಯಾಂಕಿಗೆ ಕಟ್ಟು. ಪೆನ್‌ಡ್ರೈವಿಗೆ ಹಾಕಿಕೊಡಿ. ಊರಿಗೆ ಕಳಿಸು. ಈ ‘ಗೆ’ ಬಂದ ಕಡೆಯೆಲ್ಲ ವಸ್ತು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಸೇರುತ್ತದೆ, ಸೇರಿದ್ದು ಅಲ್ಲೇ ಇರುತ್ತದೆ. ಡಬ್ಬಿಗೆ ಹಾಕಿದ ಅಕ್ಕಿ, ಮೂಟೆ ಖಾಲಿಯಾಯಿತು ಅಂತ ಡಬ್ಬಿಯಿಂದ ಮಾಯವಾಗುವುದಿಲ್ಲ. ಮಾವ ‘ಸಿಂಕ್’ ಅನ್ನೋ ಪದ ಗೊತ್ತಿಲ್ಲದೆ ಎಡವಿದರು ಅಂತ ನಾನು ಮೊದಲು ಅಂದುಕೊಂಡಿದ್ದೆ. ಹಾಗಲ್ಲ. ಗೊತ್ತಿಲ್ಲದ ಪದವನ್ನು ಬಿಟ್ಟು, ಗೊತ್ತಿದ್ದ ‘ಗೆ’ಯನ್ನು ನಂಬಿ ಅರ್ಥ ಮಾಡಿಕೊಂಡರು. ನಾವೆಲ್ಲ ಮಾಡುವುದೂ ಹಾಗೇ ಅಲ್ವಾ?

ಹಾಗಂತ ‘ಗೆ’ ಎಲ್ಲಾ ಕಡೆ ಸಾಗಣೆಯೇ ಅನ್ನಲಾಗದು. ಹಿಂದೆ ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಪೀಂ ಪೀಂ ಅಂತ ಬರುತ್ತಿತ್ತು. ಅಪ್ಪ ಗೋಡೆ ಗಡಿಯಾರದ ಕೆಳಗೆ ಸ್ಟೂಲ್ ಹಾಕಿಕೊಂಡು, ಮುಳ್ಳಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ‘ಗಡಿಯಾರವನ್ನು ರೇಡಿಯೋಗೆ ಸರಿ ಮಾಡುವುದು’ ಅನ್ನುತ್ತಿದ್ದರು. ಇಲ್ಲಿ ಏನೂ ಸಾಗುವುದಿಲ್ಲ. ಆದರೆ ಒಂದು ಯಜಮಾನ, ಇನ್ನೊಂದು ಅನುಚರ. ಗಡಿಯಾರ ಬದಲಾಗುತ್ತದೆ, ರೇಡಿಯೋ ಬದಲಾಗುವುದಿಲ್ಲ.

ಸಿಂಕ್ರೊನೈಸ್ ಅನ್ನುವ ಪದದ ಮೂಲಾರ್ಥ ಇದೇ ನೋಡಿ. ಗ್ರೀಕಿನ ‘ಸಿನ್’ ಅಂದರೆ ಜೊತೆ, ‘ಕ್ರೋನೋಸ್’ ಅಂದರೆ ಕಾಲ. ಎರಡರ ಹೊತ್ತು ಕೂಡಿಸುವುದು. ಸಿನಿಮಾದಲ್ಲಿ ತುಟಿಗೂ ಮಾತಿಗೂ ಸಿಂಕ್ ಆಗಬೇಕು ಅನ್ನುವಾಗ ಈ ಕಾಲದ ಅರ್ಥ ಇನ್ನೂ ಜೀವಂತವಾಗಿದೆ. ಫೋನು-ಕಂಪ್ಯೂಟರಿನ ಸಿಂಕ್‌ನಲ್ಲಿ ಕಾಲ ಹಿಂದೆ ಸರಿದು ಸರಕು ಮುಂದೆ ಬಂದಿದೆ. ಎರಡು ಕಡೆಯ ಹೊತ್ತು ಒಂದಾಗಬೇಕು ಅನ್ನುವುದು ಹೋಗಿ, ಎರಡು ಕಡೆ ಇರುವುದು ಒಂದೇ ಆಗಬೇಕು ಅಂತಾಯಿತು. 1996ರಲ್ಲಿ ಬಂದ ಪಾಮ್ ಪೈಲಟ್ ಅನ್ನುವ ಅಂಗೈ ಗಾತ್ರದ ಸಾಧನವನ್ನು ಒಂದು ತೊಟ್ಟಿಲಿನಂಥ ಸ್ಟ್ಯಾಂಡಿನಲ್ಲಿ ಕೂರಿಸಿ, ಗುಂಡಿ ಒತ್ತಿದರೆ ವಿಳಾಸ, ದಿನಚರಿಗಳೆಲ್ಲ ಕಂಪ್ಯೂಟರಿನ ಜೊತೆ ಸಮವಾಗುತ್ತಿದ್ದವು. ಆ ಗುಂಡಿಯ ಹೆಸರೇ ಹಾಟ್‌ಸಿಂಕ್. ಐಫೋನಿಗೆ ವೈ-ಫೈ ಮೂಲಕ ಸಿಂಕ್ ಬಂದಿದ್ದು 2011ರಲ್ಲಿ, ಐಓಎಸ್ 5ರ ಜೊತೆ. ಗುಂಡಿ ಒತ್ತುತ್ತಿದ್ದ ಕಾಲದಲ್ಲಿ ಸಿಂಕ್ ‘ಮಾಡುವ’ ಕೆಲಸವಾಗಿತ್ತು. ವೈರು ಹೋದ ಮೇಲೆ ಸಿಂಕ್ ‘ಆಗುವ’ ಸಂಗತಿಯಾಯಿತು. ಕನ್ನಡದ ಮಾಡು-ಆಗು ಈ ವ್ಯತ್ಯಾಸವನ್ನು ಎಷ್ಟು ಚೆನ್ನಾಗಿ ಹಿಡಿಯುತ್ತವೆ ಅಂತ ನನಗೆ ಖುಷಿ. ಮಾವನ ಫೋಟೋ ಹೋಗಿದ್ದೂ ಯಾರೂ ‘ಮಾಡದೆ’, ತಾನಾಗಿ ‘ಆದ’ ಸಿಂಕ್‌ನಿಂದಲೇ.

ಇನ್ನು ಪದಕ್ಕೆ ಬರೋಣ. ಆಂಡ್ರಾಯ್ಡ್‌ನ ಕನ್ನಡ ಪರದೆಯಲ್ಲಿ ‘ಸಿಂಕ್ ಮಾಡಿ’ ಅಂತಲೇ ಇದೆ. ನನಗೇನೂ ಮಡಿವಂತಿಕೆ ಇಲ್ಲ. ಒಂದೇ ತೊಂದರೆ, ಅಡುಗೆಮನೆಯ ಸಿಂಕೂ ಇದೇ ಅಕ್ಷರ. ಆವತ್ತು ಫೋನಿನಲ್ಲಿ “ಸಿಂಕ್ ಎಲ್ಲೋ ನಿಂತಿರಬೇಕು ನೋಡಿ ಮಾವ” ಅಂತಿದ್ದೆ. ಸ್ಪೀಕರಿನಲ್ಲಿ ಕೇಳಿಸಿಕೊಂಡ ಅತ್ತೆ ಒಳಗಿನಿಂದಲೇ “ಬಿಸಿನೀರು ಸುರಿದಿದೀನಿ, ಆಗಲೇ ಸರಿ ಹೋಯ್ತು” ಅಂದರು.

‘ಏಕಕಾಲಿಕಗೊಳಿಸು’ ಅನ್ನುವವರಿದ್ದಾರೆ. ಗ್ರೀಕ್ ಪದವನ್ನು ಬಿಡಿಸಿ ಹೊಲಿದ ಅಂಗಿ ಅದು, ಈಗಿನ ಅರ್ಥದ ಮೈಗೆ ಹಿಡಿಸುವುದಿಲ್ಲ. ‘ಹೊಂದಾಣಿಕೆ’ಯನ್ನು ಜಾತಕದವರೂ ಚುನಾವಣೆಯವರೂ ಆಗಲೇ ಹಂಚಿಕೊಂಡಿದ್ದಾರೆ. ‘ಜೋಡಿಸು’ ಬ್ಲೂಟೂತ್‌ಗೆ ಹೋಗಿದೆ. ಎರಡು ಸಾಧನ ಪರಿಚಯ ಮಾಡಿಕೊಳ್ಳುವುದಕ್ಕೆ ಆ ಪದ ಸರಿಯಾಗಿಯೂ ಇದೆ, ಅಲ್ಲೇ ಇರಲಿ. ‘ಮೇಳೈಸು’ ಕಿವಿಗೆ ಇಂಪು. ತಾಳಕ್ಕೆ ತಕ್ಕ ಮೇಳ ಅನ್ನುವುದರ ನೆನಪೂ ಆಗುತ್ತದೆ. ಆದರೆ ಮೇಳದಲ್ಲಿ ಚೆಂಡೆ ಚೆಂಡೆಯಾಗಿ, ಮದ್ದಲೆ ಮದ್ದಲೆಯಾಗಿಯೇ ಉಳಿಯುತ್ತವೆ. ಬೇರೆ ಬೇರೆ ಇದ್ದು ಕೂಡುವುದೇ ಮೇಳದ ಸೊಗಸು. ಸಿಂಕ್‌ಗೆ ಆ ಸೊಗಸು ಬೇಡ. ಎರಡೂ ಕಡೆ ಪಡಿಯಚ್ಚು ಒಂದೇ ಆಗಬೇಕು.

ಕೊನೆಗೆ ಪದ ಕೊಟ್ಟಿದ್ದು ಮಾವನೇ. ನಡೆದಿದ್ದನ್ನೆಲ್ಲ ವಿವರಿಸಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು, “ಹಾಗಾದ್ರೆ ಇದು ನಕಲು ತೆಗೆಯೋದಲ್ಲ, ತಾಳೆ ಹಾಕೋದು. ಅಷ್ಟು ಹೇಳಿದ್ರೆ ನಾನು ಮುಟ್ತಾನೇ ಇರ್ಲಿಲ್ಲ” ಅಂದರು. ಸೊಸೈಟಿಯಲ್ಲಿ ದಿನದ ಕೊನೆಗೆ ನಗದು ಪುಸ್ತಕವೂ ಪೆಟ್ಟಿಗೆಯ ದುಡ್ಡೂ ತಾಳೆಯಾಗಬೇಕು. ಆಗದಿದ್ದರೆ ಎಷ್ಟು ಹೊತ್ತಾದರೂ ಮನೆಗೆ ಹೋಗುವ ಹಾಗಿರಲಿಲ್ಲವಂತೆ.

‘ತಾಳೆ’ ನಮಗೆ ಎಷ್ಟು ಹತ್ತಿರದ ಪದ! ಮರಾಠಿಯಲ್ಲಿ ಮಾಡಿದ ಲೆಕ್ಕ ಸರಿಯೋ ಅಂತ ಪರೀಕ್ಷಿಸುವುದಕ್ಕೆ ‘ತಾಳಾ’ ಅನ್ನುತ್ತಾರೆ, ಆಸ್ತಿ-ಸಾಲದ ಪಟ್ಟಿಗೆ ‘ತಾಳೇಬಂದ’. ಇಂಗ್ಲಿಷಿನ ‘ಟ್ಯಾಲಿ’ ಕೇಳುವುದಕ್ಕೆ ಹತ್ತಿರ ಅನ್ನಿಸುತ್ತದೆ, ಆದರೆ ಅದರ ಬೇರು ಲ್ಯಾಟಿನ್ನಿನದು, ಗೀಟು ಕೊರೆದು ಲೆಕ್ಕ ಇಡುತ್ತಿದ್ದ ಕಡ್ಡಿಯದು. ಈಗ ಬೆಂಗಳೂರಿನದೇ ಒಂದು ಕಂಪನಿಯ ಲೆಕ್ಕದ ತಂತ್ರಾಂಶಕ್ಕೆ ಆ ಹೆಸರಿದ್ದು, ಅಂಗಡಿಯವರ ಬಾಯಲ್ಲಿ ‘ಟ್ಯಾಲಿ ಆಗ್ತಿಲ್ಲ’ವೂ ‘ತಾಳೆ ಆಗ್ತಿಲ್ಲ’ವೂ ಒಂದೇ ಆಗಿಬಿಟ್ಟಿವೆ. ಮರದ ತಾಳೆ ಬೇರೆ. ಆದರೂ ತಾಳೆಗರಿಯ ಪ್ರತಿಗಳನ್ನು ಇಟ್ಟುಕೊಂಡು ತಾಳೆ ನೋಡುವ ಸಂಪಾದಕರನ್ನು ನೆನೆದರೆ ಎರಡೂ ಒಂದೇ ಮೇಜಿನ ಮೇಲೆ ಬಂದವಲ್ಲ ಅಂತ ನಗು ಬರುತ್ತದೆ.

ಆ ಮೇಜಿನಿಂದಲೇ ಇನ್ನೊಂದು ಪದ ಸಿಗುತ್ತದೆ. ಒಂದೇ ಕಡತವನ್ನು ಫೋನಿನಲ್ಲೂ ತಿದ್ದಿ, ಅದು ಕಂಪ್ಯೂಟರಿಗೆ ತಲುಪುವ ಮೊದಲೇ ಅಲ್ಲೂ ತಿದ್ದಿದರೆ ಎರಡು ರೂಪಗಳಾಗುತ್ತವೆ. ಸಿಂಕ್‌ಥಿಂಗ್ ಅನ್ನುವ ತಂತ್ರಾಂಶ ಆಗ ಒಂದನ್ನೂ ಎಸೆಯುವುದಿಲ್ಲ. ಆಮೇಲೆ ತಿದ್ದಿದ್ದು ಮೂಲದ ಹೆಸರಿನಲ್ಲಿ ಉಳಿಯುತ್ತದೆ. ಮೊದಲು ತಿದ್ದಿದ್ದಕ್ಕೆ ‘ಸಿಂಕ್ ಕಾನ್‌ಫ್ಲಿಕ್ಟ್’ ಅಂತ ಸೇರಿಸಿ, ತಾರೀಕು ಸಮಯ ಅಂಟಿಸಿ ಪಕ್ಕದಲ್ಲಿ ಇಡುತ್ತದೆ. ಇದಕ್ಕೆ ‘ಸಂಘರ್ಷ’ ಅಂತ ಯಾಕೆ ಹೆದರಿಸಬೇಕು? ಒಂದು ಪಾಠವನ್ನು ಮೇಲಿಟ್ಟು ಇನ್ನೊಂದನ್ನು ಅಡಿಟಿಪ್ಪಣಿಯಲ್ಲಿ ಕಾಪಾಡುವುದನ್ನು ನಮ್ಮ ಹಸ್ತಪ್ರತಿಯ ವಿದ್ವಾಂಸರು ಎಂದಿನಿಂದಲೂ ಮಾಡುತ್ತಿದ್ದಾರೆ. ‘ಪಾಠಾಂತರ’ ಅಂದರಾಯಿತು. ಸ್ವಲ್ಪ ಸಂಸ್ಕೃತವಾಯಿತು, ಗೊತ್ತು.

ತಾಳೆಗೆ ಮರಳಿ ಬಂದರೆ, ನನ್ನ ಅನುಮಾನ ಇಲ್ಲೇ. ತಾಳೆ ನೋಡುವುದು, ತಾಳೆ ಹಾಕುವುದು ಅಂದರೆ ಹೋಲಿಸಿ ನೋಡುವುದು ಮಾತ್ರ. ತಾಳೆಯಾಗದಿದ್ದರೆ ಮಾವ ತಪ್ಪೆಲ್ಲಿ ಅಂತ ಹುಡುಕುತ್ತಿದ್ದರು. ಪೆಟ್ಟಿಗೆಯಲ್ಲಿ ಹತ್ತು ರೂಪಾಯಿ ಕಮ್ಮಿ ಇದೆ ಅಂತ ಪುಸ್ತಕದಲ್ಲೂ ಹತ್ತು ಹೊಡೆದುಹಾಕುತ್ತಿರಲಿಲ್ಲ. ಸಿಂಕ್ ಅದನ್ನೇ ಮಾಡುತ್ತದೆ! ಹೋಲಿಸುವುದಷ್ಟೇ ಅಲ್ಲ, ಕೇಳದೆ ಸಮ ಮಾಡುತ್ತದೆ. ‘ತಾಳೆಗೊಳಿಸು’ ಅಂದರೆ ಈ ಎರಡನೇ ಕೆಲಸವೂ ಸೇರೀತೇ? ಈ ರೂಪವನ್ನು ಯಾರಾದರೂ ಬಳಸಿದ್ದು ಕೇಳಿದ್ದೀರಾ? ‘ಸರಿದೂಗಿಸು’ ಬಗ್ಗೆಯೂ ಯೋಚಿಸಿದೆ. ತಕ್ಕಡಿಯ ಎರಡು ತಟ್ಟೆ ಕಣ್ಣಿಗೆ ಬರುತ್ತವೆ, ಒಂದರಿಂದ ತೆಗೆದು ಸಮ ಮಾಡುವುದೂ ಅದರಲ್ಲಿ ಇದೆ. ಆದರೆ ಮಾತಿನಲ್ಲಿ ಅದು ‘ಹೇಗೋ ನಿಭಾಯಿಸು’ ಅನ್ನುವ ಕಡೆಗೆ ಜಾರಿದೆ. ಸಂಬಳದಲ್ಲಿ ಸಂಸಾರ ಸರಿದೂಗಿಸಿದ ಹಾಗೆ ಯಾರೂ ಫೋಟೋ ಸರಿದೂಗಿಸುವುದಿಲ್ಲ.

‘ಗೆ’ ಬಿಟ್ಟು ‘ಜೊತೆ’ ಅಂದರೆ ಸಾಕಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡೆ. ‘ಫೋನನ್ನು ಕಂಪ್ಯೂಟರಿನ ಜೊತೆ ಸಿಂಕ್ ಮಾಡಿ’ ಅಂದಾಗ ಎರಡೂ ಕಡೆಯ ವ್ಯವಹಾರ ಅನ್ನುವುದು ತಕ್ಕಮಟ್ಟಿಗೆ ಬರುತ್ತದೆ. ಆದರೂ ಫೋನು ಮುಂದೆ, ಕಂಪ್ಯೂಟರು ಅದರ ಜೊತೆಗಾರ. ಅದಕ್ಕಿಂತ ‘ಫೋನನ್ನೂ ಕಂಪ್ಯೂಟರನ್ನೂ ಸಿಂಕ್ ಮಾಡಿ’ ಅನ್ನುವುದು ನನಗೆ ಹಿಡಿಸಿತು. ಆ ಎರಡು ‘ಊ’ಗಳು ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತವೆ. ಇನ್ನೂ ನಿಖರವಾಗಿ ಹೇಳುವುದಾದರೆ ಫೋನೂ ಸಿಂಕ್ ಆಗುವುದಿಲ್ಲ, ಕಂಪ್ಯೂಟರೂ ಆಗುವುದಿಲ್ಲ. ಎರಡರಲ್ಲಿರುವ ಒಂದು ಫೋಲ್ಡರ್ ಮಾತ್ರ ಆಗುತ್ತದೆ.

ಇಲ್ಲೂ ಒಂದು ಗುಂಡಿ ಇದೆ. ಸಿಂಕ್‌ಥಿಂಗ್‌ನಲ್ಲಿ ಫೋಲ್ಡರಿಗೆ ‘ಕಳಿಸು ಮಾತ್ರ’ ಅಂತ ಒಂದು ಬಗೆ ಉಂಟು. ಫೋನಿನಲ್ಲಿ ಅದನ್ನು ಆರಿಸಿದರೆ ಕಂಪ್ಯೂಟರಿನ ಬದಲಾವಣೆ ಫೋನಿಗೆ ಇಳಿಯುವುದಿಲ್ಲ. ‘ಗೆ’ಗೆ ಸರಿಯಾದ ಜಾಗ ಸಿಕ್ಕಿತು ಅಂತ ಹಿಗ್ಗಿದೆ. ಆದರೆ ಫೋನಿನಲ್ಲಿ ಅಳಿಸಿದರೆ ಆ ಅಳಿಸಿದ್ದನ್ನೂ ಅದು ‘ಕಳಿಸುತ್ತದೆ’! ಕನ್ನಡದಲ್ಲಿ ಇಲ್ಲದಿರುವುದನ್ನು ಕಳಿಸುವುದು ಹೇಗೆ ಹೇಳಿ? ಮಾವನಿಗೆ ಇದನ್ನು ವಿವರಿಸಲು ಹೋಗಿ ಸೋತೆ.

ವೈರ್‌ಲೆಸ್ ಬಗ್ಗೆ ಎರಡೇ ಮಾತು. ‘ನಿಸ್ತಂತು’ ಒಳ್ಳೇ ಪದವೇ, ಆದರೆ ಬಾಯಿಗಿಂತ ಕಾಗದದ ಮೇಲೆ ಜಾಸ್ತಿ. ‘ತಂತಿ ಇಲ್ಲದೆ’ ಅಂದರೆ ನಮ್ಮ ಹಿರಿಯರಿಗೆ ಟೆಲಿಗ್ರಾಮ್ ನೆನಪಾಗುತ್ತದೆ. ಅದು 2013ರ ಜುಲೈನಲ್ಲೇ ನಿಂತರೂ ‘ತಂತಿ ಬಂತು’ ಅಂದರೆ ಎದೆ ಝಲ್ ಅನ್ನುವವರು ಇನ್ನೂ ಇದ್ದಾರೆ. ನಾನು ‘ವೈರಿಲ್ಲದೆ’ ಅಂತ ಬರೆಯುತ್ತಿದ್ದೇನೆ. ಯಾರಿಗಾದರೂ ಅಭ್ಯಂತರವೇ?

ಇಷ್ಟೆಲ್ಲ ಯಾಕೆಂದರೆ, ಮಾವನಂಥವರಿಗಾಗಿ ನಾಲ್ಕು ಪುಟದ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸದ್ಯಕ್ಕೆ ಅದರ ಮೊದಲ ಸಾಲುಗಳು ಹೀಗಿವೆ:

“ನಿಮ್ಮ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಇರುವ ಈ ಫೋಲ್ಡರನ್ನು ವೈರಿಲ್ಲದೆ ತಾಳೆಗೊಳಿಸಲಾಗುತ್ತದೆ. ಒಂದು ಕಡೆ ಸೇರಿಸಿದ್ದು ಇನ್ನೊಂದು ಕಡೆಯೂ ಸೇರುತ್ತದೆ. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ. ಇಟ್ಟುಕೊಳ್ಳಬೇಕಾದ ಫೋಟೋಗಳನ್ನು ಮೊದಲು ಬೇರೆ ಫೋಲ್ಡರಿಗೆ ನಕಲು ಮಾಡಿ.”

ಉತ್ತರ ಕರ್ನಾಟಕದವರು, ಕರಾವಳಿಯವರು ‘ತಾಳೆ’ಯನ್ನು ಹೇಗೆ ಬಳಸುತ್ತೀರಿ ಅಂತ ದಯವಿಟ್ಟು ತಿಳಿಸಿ. ಮತ್ತೊಂದು ಉಪಕಾರ ಬೇಕು. ಮೇಲಿನ ನಾಲ್ಕು ಸಾಲನ್ನು ನಿಮ್ಮ ಮನೆಯಲ್ಲಿ ಇಂಥದ್ದನ್ನು ಎಂದೂ ಬಳಸದವರಿಗೆ ಓದಿ ಹೇಳಿ. ಆಮೇಲೆ “ಫೋನಿನಲ್ಲಿ ಜಾಗ ತುಂಬಿದೆ, ಈಗ ಏನು ಮಾಡ್ತೀರಿ?” ಅಂತ ಕೇಳಿ. ಅವರು ಏನಂದರು ಅನ್ನುವುದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ.