ಮೆಚ್ಚಿದ ಡೈರೆಕ್ಟರ್‌ಗಳ ಆಮೇಲಿನ ಫಿಲ್ಮು ಯಾಕೆ ಹಿಡಿಸುದಿಲ್ಲ?

ಕುಡ್ಲದಮಳೆ:
ಎಲ್ರಿಗೂ ನಮಸ್ಕಾರ. ಇದು ತುಂಬಾ ದಿನದಿಂದ ಮನಸ್ಸಲ್ಲಿ ಕೊರೀತಾ ಉಂಟು, ಇಲ್ಲಿ ಕೇಳುವ ಅಂತ. 2025ರ ಜೂನಲ್ಲಿ ಥಗ್ ಲೈಫ್ ಬಂತಲ್ಲ, ಕರ್ನಾಟಕದಲ್ಲಿ ರಿಲೀಸ್ ಆಗ್ಲಿಲ್ಲ (ಆ ಗಲಾಟೆ ಇಲ್ಲಿ ಬೇಡ, ಬೇರೆಯೇ ವಿಷ್ಯ ಅದು), ನಾನೂ ನನ್ನ ಭಾವನೂ ಸೆಂಟ್ರಲ್ ಸ್ಟೇಷನ್ನಲ್ಲಿ ಟ್ರೈನ್ ಹತ್ತಿ ಕಾಸರಗೋಡಿಗೆ ಹೋಗಿ ನೋಡಿದ್ದು. ಜೋರು ಮಳೆ, ಕೊಡೆ ಹಿಡಿದ್ರೂ ಮೊಣಕಾಲಿನವರೆಗೆ ಪ್ಯಾಂಟು ಚಂಡಿ, ಆದ್ರೂ ಒಳಗೆ ಕೂತಾಗ ಭಯಂಕರ ಖುಷಿ, ಯಾಕಂದ್ರೆ 1987ರ ನಾಯಗನ್ ಆದ ಮೇಲೆ 38 ವರ್ಷ ಬಿಟ್ಟು ಮಣಿರತ್ನಂ ಮತ್ತೆ ಕಮಲ್ ಒಟ್ಟಿಗೆ ಮಾಡಿದ ಫಿಲ್ಮು ಅದು.

ಸೆಕೆಂಡ್ ಹಾಫಲ್ಲಿ ಹೀರೋ ಹಿಮದ ಬೆಟ್ಟದಿಂದ ವಾಪಸ್ ಬಂದ ಮೇಲೆ ನಾನು ಮೊಬೈಲ್ ತೆಗ್ದು ಟೈಮ್ ನೋಡಿದೆ. ಮಣಿರತ್ನಂ ಫಿಲ್ಮಿನ ಮಧ್ಯದಲ್ಲಿ ನಾನು ಟೈಮ್ ನೋಡಿದ್ದು ಜೀವನದಲ್ಲಿ ಅದೇ ಮೊದಲು. ವಾಪಸ್ ಬರುವಾಗ ನೇತ್ರಾವತಿ ಸಂಕ ದಾಟುವವರೆಗೂ ಭಾವ ಒಂದು ಮಾತೂ ಆಡ್ಲಿಲ್ಲ, ಆಮೇಲೆ "ಇದು ಅವರೇ ಮಾಡಿದ್ದಾ?" ಅಂತ ಕೇಳಿದ್ರು, ಅಷ್ಟೇ.

ನಾಯಗನ್ ಕೊನೆಗೆ ಮೊಮ್ಮಗ ಬಂದು ನೀವು ಒಳ್ಳೆಯವರಾ ಕೆಟ್ಟವರಾ ಅಂತ ಕೇಳ್ತಾನಲ್ಲ, ಅಜ್ಜ ಒಂದು ಕ್ಷಣ ನಿಂತು ಗೊತ್ತಿಲ್ಲ ಅಂತಾನೆ. ಅಷ್ಟು ಸಣ್ಣ ಸೀನು, ಇಡೀ ಫಿಲ್ಮಿನ ಭಾರ ಅದ್ರ ಮೇಲೆ ಉಂಟು. ಹಾಗೆ ಮಾಡಿದ ಮನುಷ್ಯನಿಗೆ ಈಗ ಆಗುದಿಲ್ಲ ಅಂದ್ರೆ ಎಂತ ಕಾರಣ? ವಯಸ್ಸಾ, ದುಡ್ಡಿನ ಒತ್ತಡವಾ, ಇಲ್ಲ ನೋಡುವ ನಾವೇ ಬದಲಾದದ್ದಾ? ಬೈಲಿಕ್ಕೆ ಕೇಳುದಲ್ಲ, ಬೇಜಾರಾಗಿ ಕೇಳುದು.

ಮಲ್ಪೆ ಬೀಚು:
ವಯಸ್ಸು ಅಂತ ನಂಗೆ ಅನ್ಸುದಿಲ್ಲ. ಪಕ್ಕದಲ್ಲಿ ಬರೆಯುವವ ಯಾರಿದ್ದ ಅಂತ ನೋಡಿ. ನಾಯಗನ್ ಡೈಲಾಗು ಬಾಲಕುಮಾರನ್. ರೋಜಾ, ಕನ್ನತ್ತಿಲ್ ಮುತ್ತಮಿಟ್ಟಾಲ್, ಆಯ್ದ ಎಳುತ್ತು ಮೂರಕ್ಕೂ ಸುಜಾತಾ. ಈ ಸುಜಾತಾ ಅಂದ್ರೆ ರಂಗರಾಜನ್, ಬೆಂಗಳೂರು ಬಿಇಎಲ್ಲಲ್ಲಿ ಇಂಜಿನಿಯರ್ ಆಗಿದ್ದವ್ರು, ವೋಟಿಂಗ್ ಮೆಷಿನ್ ಮಾಡಿದ ತಂಡದಲ್ಲೂ ಇದ್ರು, 2008ರಲ್ಲಿ ತೀರಿಹೋದ್ರು. ಆಮೇಲಿನ ರಾವಣನ್ ನೆನಪು ಮಾಡ್ಕೊಳ್ಳಿ, ಫ್ರೇಮು ಚಂದ, ಹಾಡು ಚಂದ, ಮಾತು ಮಾತ್ರ ನಿಲ್ಲುದಿಲ್ಲ. ಅದೇ 2022ರಲ್ಲಿ ಪೊನ್ನಿಯಿನ್ ಸೆಲ್ವನ್ ಗೆದ್ದದ್ದು ಹೇಗೆ, ಕಲ್ಕಿ ಬರೆದ ಕಾದಂಬರಿ ಇತ್ತು, ಜಯಮೋಹನ್ ಡೈಲಾಗ್ ಇತ್ತು. ಥಗ್ ಲೈಫ್ ಬರ್ದದ್ದು ಮಣಿರತ್ನಂ ಮತ್ತೆ ಕಮಲ್ ಇಬ್ರೇ. ಅಷ್ಟು ದೊಡ್ಡ ಇಬ್ರು ಕೂತಲ್ಲಿ ಇದು ಸರಿ ಬರ್ಲಿಲ್ಲ ಅಂತ ಹೇಳುವ ಮೂರನೆಯವ ಬೇಕಲ್ಲ ಮಾರಾಯ್ರೆ.

ಕಲ್ಸಂಕ:
ಮೇಲೆ ಹೇಳಿದ್ದು ನೂರಕ್ಕೆ ನೂರು ಹೌದು. ನಾನು ಸಿನಿಮಾಕ್ಕಿಂತ ತಾಳಮದ್ದಳೆ (ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ಮಾಡುವ ಯಕ್ಷಗಾನ) ಕೇಳಿದ್ದು ಜಾಸ್ತಿ, ಅಲ್ಲಿಯೂ ಇದೇ ಕಥೆ. ಪಾತ್ರದ ಮಾತು ಆಡುವ ಅರ್ಥಧಾರಿ ಎಷ್ಟೇ ದೊಡ್ಡವ್ರಿರ್ಲಿ, ಎದುರಿಗೆ ಕೂತವ ಗಟ್ಟಿ ಇಲ್ಲದಿದ್ರೆ ಅವ್ರ ಅರ್ಥ ಸಪ್ಪೆ, ಮೊನ್ನೆ ಹೇಳಿದ್ದನ್ನೇ ಇವತ್ತೂ ಹೇಳ್ತಾರೆ. ವಾಲಿ ಮೋಕ್ಷ ಆಗುವಾಗ ಬಾಣ ತಿಂದು ಬಿದ್ದ ವಾಲಿ ಎದ್ದು ಕೂತು ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ ಬಿಡದೆ ಕೇಳ್ತಾ ಹೋದ್ರೆ ಮಾತ್ರ ರಾಮನ ಪಾತ್ರ ಮಾಡಿದವ್ರ ಒಳಗಿಂದ ಇಲ್ಲಿವರೆಗೆ ಯಾರೂ ಕೇಳದ ಮಾತು ಬರ್ತದೆ. ವಾಲಿ ಹೂಂ ಹೂಂ ಅಂತ ತಲೆ ಆಡಿಸಿದ್ರೆ ಮುಗೀತು, ಸಭೆ ನಿದ್ದೆ ಹೋಗ್ತದೆ. ಹೆಸರು ಬಂದ ಡೈರೆಕ್ಟರ್ ಸುತ್ತ ತಲೆ ಆಡಿಸುವವರೇ ಇರುದು.

ಹಳೆ ಪ್ರೇಕ್ಷಕ, ಉಡುಪಿ:
ನಿಮ್ಮೆಲ್ಲರ ಮಾತು ಓದಿ ನನಗೆ ನಮ್ಮ ಕನ್ನಡದ ಡೈರೆಕ್ಟರ್ ಪುಟ್ಟಣ್ಣ ಕಣಗಾಲ್ ನೆನಪಾದ್ರು. 1971ರಲ್ಲಿ ಶರಪಂಜರ ಬಂದಾಗ ಅಮ್ಮ, ಚಿಕ್ಕಮ್ಮ, ನಾನು ಉಡುಪಿಯಲ್ಲೇ ನೋಡಿದ್ದು, ಅಮ್ಮ ತ್ರಿವೇಣಿ ಕಾದಂಬರಿ ಮೊದಲೇ ಓದಿದ್ರು, ಮನೆಗೆ ಬಂದು ದೋಸೆಗೆ ಅಕ್ಕಿ ಕಡೆಯುತ್ತಾ ಪುಸ್ತಕದಲ್ಲಿ ಹೀಗಿತ್ತು ಇವರು ಹೀಗೆ ಮಾಡಿದ್ರು ಅಂತ ಚಿಕ್ಕಮ್ಮನ ಹತ್ರ ವಾದ ಮಾಡಿದ್ದು ಇನ್ನೂ ಕಿವಿಯಲ್ಲಿ ಉಂಟು. ಬೆಳ್ಳಿಮೋಡವೂ ತ್ರಿವೇಣಿ, ಗೆಜ್ಜೆಪೂಜೆ ಎಂ. ಕೆ. ಇಂದಿರಾ, ಎಡಕಲ್ಲು ಗುಡ್ಡದ ಮೇಲೆ ಭಾರತೀಸುತ, ನಾಗರಹಾವು ತರಾಸು. ಸಿನಿಮಾ ನೋಡಿ ತರಾಸು ಅವರಿಗೇ ಸಮಾಧಾನ ಆಗಿರ್ಲಿಲ್ಲ, ಕೇರೆಹಾವು ಮಾಡಿದ್ರು ಅಂದ ಕಥೆ ನಿಮಗೆಲ್ಲ ಗೊತ್ತಿರಬಹುದು. ಬರೆದವರಿಗೇ ಬೇಸರ ತಂದ ಫಿಲ್ಮನ್ನು ನಾವು ಇವತ್ತಿಗೂ ತಲೆ ಮೇಲೆ ಹೊತ್ತುಕೊಂಡಿದ್ದೇವೆ.

ಆ ನಾಗರಹಾವನ್ನೇ 1974ರಲ್ಲಿ ಹಿಂದಿಯಲ್ಲಿ ರಿಷಿ ಕಪೂರ್ ಹಾಕಿ ಜಹ್ರೀಲಾ ಇನ್ಸಾನ್ ಮಾಡಿದ್ರು, ಓಡ್ಲಿಲ್ಲ. ಆಮೇಲೆ ಒಂದೆರಡು ಫಿಲ್ಮು ನಮಗೆ ಹಿಡಿಸದಾಗ ಪುಟ್ಟಣ್ಣನ ಕಾಲ ಮುಗೀತು ಅಂತ ನಾವು ಗೆಳೆಯರು ಕಟ್ಟೆಯಲ್ಲಿ ಕೂತು ಹೇಳಿದ್ದು ಹೌದು. 1981ರಲ್ಲಿ ರಂಗನಾಯಕಿ ನೋಡಿ ಹೊರಗೆ ಬಂದಾಗ ಹಾಗೆ ಹೇಳಿದ್ದಕ್ಕೆ ನಾಚಿಕೆ ಆಯ್ತು. ಅದೂ ಕಾದಂಬರಿಯೇ, ಅಶ್ವತ್ಥ ಬರೆದದ್ದು. 1985ರಲ್ಲಿ 51ನೇ ವಯಸ್ಸಿಗೇ ಅವರು ಹೋದ್ರು, ಮಸಣದ ಹೂವು ಅರ್ಧದಲ್ಲಿತ್ತು, ಕೆ. ಎಸ್. ಎಲ್. ಸ್ವಾಮಿ ಮುಗಿಸಿದ್ರು. ಹಾಗಾಗಿ ಯಾರದ್ದೂ ಮುಗೀತು ಅಂತ ನಾನು ಈಗ ಹೇಳುದಿಲ್ಲ.

ಮಣಿಪಾಲ ಹಾಸ್ಟೆಲ್:
ಹಿರಿಯರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ, ಜಪಾನಿನ ಡೈರೆಕ್ಟರ್ ಕುರೋಸಾವಾ. 1970ರ ದೊಡೆಸ್ಕಾದೆನ್ ಸೋತು ಮರುವರ್ಷ ಆತ್ಮಹತ್ಯೆಗೆ ಪ್ರಯತ್ನ ಮಾಡಿದ್ರು, ಅಷ್ಟು ಕುಸಿದಿದ್ರು. ಆಮೇಲೆ ರಷ್ಯಾಕ್ಕೆ ಹೋಗಿ 1975ರಲ್ಲಿ ದೆರ್ಸು ಉಜಾಲಾ ಮಾಡಿದ್ರು, ಆಸ್ಕರ್ ಬಂತು. ರಾನ್ ಬಂದದ್ದು 1985ರಲ್ಲಿ, ಆಗ ಅವ್ರಿಗೆ 75. ಮತ್ತೆ ಆ ಎರಡಕ್ಕೂ ಹಿಂದೆ ಬೇರೆಯವರ ಬರಹ ಉಂಟು, ಒಂದಕ್ಕೆ ರಷ್ಯಾದ ಪುಸ್ತಕ, ಇನ್ನೊಂದಕ್ಕೆ ಶೇಕ್ಸ್‌ಪಿಯರ್.

ಇನ್ನೊಂದು ವಿಷ್ಯ, ಮಣಿರತ್ನಂ ಅವರ ಇರುವರ್ 1997ರಲ್ಲಿ ಬಂದಾಗ ಥಿಯೇಟರಲ್ಲಿ ಸೋತದ್ದು. ನಮ್ಮ ಮಂಗಳೂರಲ್ಲಿ ಹುಟ್ಟಿದ ಐಶ್ವರ್ಯಾ ರೈಯ ಮೊದಲ ಫಿಲ್ಮು ಅದು, ಪ್ರಕಾಶ್ ರಾಜ್‌ಗೆ ನ್ಯಾಷನಲ್ ಅವಾರ್ಡ್ ಬಂದದ್ದೂ ಅದಕ್ಕೇ. ಈಗ ಮಣಿರತ್ನಂದು ಯಾವ್ದು ಬೆಸ್ಟ್ ಅಂತ ಕೇಳಿದ್ರೆ ನಮ್ಮ ರೂಮಲ್ಲಿ ನಾಲ್ಕು ಜನರಲ್ಲಿ ಮೂರು ಜನ ಅದನ್ನೇ ಹೇಳ್ತಾರೆ. ಆದ್ರೆ ಥಗ್ ಲೈಫ್ ಹಾಗೆ ಆಗ್ತದೆ ಅಂತ ನಾನು ಹೇಳ್ಲಿಕ್ಕೆ ಬರುದಿಲ್ಲ, ಅದು ನಂಗೂ ಹಿಡಿಸ್ಲಿಲ್ಲ.

ಕುಡ್ಲದಮಳೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ತಾಳಮದ್ದಳೆಯ ಮಾತು ನಿನ್ನೆಯಿಂದ ತಲೆಯಲ್ಲೇ ಕೂತಿದೆ, ನಾಯಗನ್‌ನಲ್ಲಿ ಮಗಳು ಅಪ್ಪನ ಎದುರು ನಿಂತು ನೀನು ಮಾಡಿದ್ದು ತಪ್ಪು ಅಂತ ಹೇಳ್ತಾಳಲ್ಲ, ವಾಲಿ ಹಾಗೆ, ಥಗ್ ಲೈಫಲ್ಲಿ ಹಾಗೆ ಎದುರು ನಿಂತು ಕೇಳುವ ಒಬ್ರೂ ಇಲ್ಲ, ನಂಗೆ ಖಾಲಿ ಅನ್ನಿಸಿದ್ದು ಅದೇ ಇರ್ಬೇಕು. ಭಾವನಿಗೆ ಎಲ್ಲ ಓದಿ ಹೇಳಿದೆ, ಈ ಆದಿತ್ಯವಾರ ಇಬ್ರೂ ಕೂತು ಇರುವರ್ ನೋಡ್ತೇವೆ. ಮುಂದಿನದ್ದು ಅನೌನ್ಸ್ ಆದಾಗ ಮೊದಲು ಯಾರು ಬರೆದದ್ದು ಅಂತ ನೋಡ್ತೇನೆ. ಯಾರೇ ಬರೆದಿರ್ಲಿ, ಫಸ್ಟ್ ಶೋಗೆ ಹೋಗ್ತೇವೆ.