ಎಂಡೊಮೆಟ್ರಿಯೋಸಿಸ್ ನೋವಿಗೆ ವಿಟಮಿನ್ ಡಿ ಕೆಲಸ ಮಾಡುತ್ತಾ?

ನೆಲನೆಲ್ಲಿ:
ಎಂಡೊಮೆಟ್ರಿಯೋಸಿಸ್‌ಗೆ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೂ ಬೆಳೆಯೋ ಕಾಯಿಲೆ) ಡೈನೋಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆ 2 ಮಿ.ಗ್ರಾಂ ದಿನಾ ನಡೀತಿದೆ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ 11 ng/mL ಬಂತು, 60,000 ಐಯು (ವಿಟಮಿನ್ ಅಳೆಯೋ ಮಾನ) ಸ್ಯಾಶೆ ಬರೆದುಕೊಟ್ಟಿದ್ದಾರೆ. ಇದರಿಂದ ಹೊಟ್ಟೆನೋವೂ ತಗ್ಗುತ್ತಾ, ಇಲ್ಲ ಬರೀ ಕೊರತೆ ನೀಗೋದಕ್ಕಾ? ಹೇಗೆ ತಗೋಬೇಕು?

ಬಿಳಿಕೋಟು:
ಕೊರತೆ ನೀಗೋದಕ್ಕೆ ಅಂತಲೇ ತಗೊಳ್ಳಿ. 20ಕ್ಕಿಂತ ಕಡಿಮೆ ಅಂದರೆ ಕೊರತೆ, ಅದನ್ನು ಸರಿಮಾಡಲೇಬೇಕು. ನೋವಿನ ಮಾತು ಬೇರೆ. ಬಾಸ್ಟನ್‌ನಲ್ಲಿ ಎಂಡೊಮೆಟ್ರಿಯೋಸಿಸ್ ಇರುವ 12ರಿಂದ 25 ವರ್ಷದವರಿಗೆ ಆರು ತಿಂಗಳು ದಿನಕ್ಕೆ 2,000 ಐಯು ಕೊಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು. ನೋವು ಇಳಿಯಿತು ನಿಜ, ಆದರೆ ಹುಸಿಗುಳಿಗೆ (ಔಷಧವಿಲ್ಲದ ಮಾತ್ರೆ) ನುಂಗಿದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು! ಇರಾನಿನಲ್ಲಿ ಲ್ಯಾಪರೋಸ್ಕೋಪಿ ಆದವರಿಗೆ ವಾರಕ್ಕೆ 50,000 ಐಯುನಂತೆ 12 ವಾರ ಕೊಟ್ಟಾಗಲೂ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನದೇ ಇನ್ನೊಂದು ಪ್ರಯೋಗದಲ್ಲಿ ಎರಡು ವಾರಕ್ಕೊಮ್ಮೆ 50,000 ಕೊಟ್ಟಾಗ ನೋವು ಕಡಿಮೆಯಾಯಿತು. ಎಲ್ಲವೂ ಸಣ್ಣ ಪ್ರಯೋಗಗಳು. ಇವನ್ನು ನಂಬಿ ಡೈನೋಜೆಸ್ಟ್ ಬಿಡೋದು ಬೇಡ.

ಔಷಧದ ಡಬ್ಬಿ:
ಸಾಮಾನ್ಯ ಕ್ರಮ ವಾರಕ್ಕೊಂದು ಸ್ಯಾಶೆ, 8 ವಾರ. ಆಮೇಲೆ ವೈದ್ಯರು ಹೇಳಿದಂತೆ ತಿಂಗಳಿಗೊಂದು. ಖಾಲಿ ಹೊಟ್ಟೆಗೆ ಬೇಡ. ಕೊಬ್ಬಿನಂಶ ಇದ್ದರೇ ಚೆನ್ನಾಗಿ ಹೀರಿಕೊಳ್ಳೋದು, ಹಾಗಾಗಿ ಊಟವಾದ ಮೇಲೆ ಕೆನೆ ತೆಗೆಯದ ಹಾಲಲ್ಲಿ ಕಲಸಿ ಕುಡಿಯಿರಿ.

ಎಡವಟ್ಟಾಗೋದು ಎಲ್ಲಿ ಅಂದರೆ, "ವಾರಕ್ಕೊಂದು" ಅನ್ನೋದನ್ನ "ದಿನಕ್ಕೊಂದು" ಅಂದುಕೊಳ್ಳೋದು. ತಿಂಗಳುಗಟ್ಟಲೆ ಹಾಗೆ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ವಿಪರೀತ ಬಾಯಾರಿಕೆ, ಮಲಬದ್ಧತೆ, ಕಿಡ್ನಿ ಕಲ್ಲು. ಈ ಕಾಯಿಲೆಯಲ್ಲಿ ಮಲಬದ್ಧತೆ ಮೊದಲೇ ಮಾಮೂಲಾದ್ದರಿಂದ ಸುಳಿವು ಸಿಗದೇ ಹೋಗುತ್ತೆ.

ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ. ಕೂದಲಿಗೆ ಅಂತ ಬಯೋಟಿನ್ ನುಂಗುತ್ತಿದ್ದರೆ ಲ್ಯಾಬ್‌ಗೆ ಮೊದಲೇ ತಿಳಿಸಿ, ಎರಡು ದಿನ ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಅದರಿಂದ ವಿಟಮಿನ್ ಡಿ ಇರೋದಕ್ಕಿಂತ ಹೆಚ್ಚಿದೆ ಅಂತ ತೋರಿಸುತ್ತೆ.

ರಾಗಿಹಿಟ್ಟು:
ಮೂಳೆ ವಿಚಾರ ಯಾರೂ ಎತ್ತಲಿಲ್ಲ. ನನ್ನ ಪ್ರಕಾರ ಈ ಸ್ಯಾಶೆಯ ನಿಜವಾದ ಕೆಲಸ ಅಲ್ಲೇ ಇರೋದು. ಮೂಳೆ ಕಾಯೋ ಈಸ್ಟ್ರೋಜನ್ ಹಾರ್ಮೋನನ್ನು ಡೈನೋಜೆಸ್ಟ್ ತಗ್ಗಿಸುತ್ತೆ. ಮುಂದೆ ಲ್ಯೂಪ್ರೋಲೈಡ್ ಇಂಜೆಕ್ಷನ್‌ಗೆ ಹೋದರೆ ಅದು ಇನ್ನೂ ಕುಸಿದು ಮೂಳೆ ಸವೆತ ಜಾಸ್ತಿ. ಹಾಗಾಗಿ ಆಹಾರ, ಮಾತ್ರೆ ಎಲ್ಲ ಸೇರಿ ದಿನಕ್ಕೆ 1,000 ಮಿ.ಗ್ರಾಂ ಕ್ಯಾಲ್ಸಿಯಂ ಆಗುವಂತೆ ನೋಡಿಕೊಳ್ಳಿ. ರಕ್ತಸ್ರಾವ ಹೆಚ್ಚಿದೆ ಅಂತ ಕಬ್ಬಿಣದ ಮಾತ್ರೆಯೂ ಇದ್ದರೆ ಕ್ಯಾಲ್ಸಿಯಂ ಜೊತೆ ನುಂಗಬೇಡಿ, ಕಬ್ಬಿಣ ಮೈಗೆ ಹತ್ತಲ್ಲ. ಎರಡು ಗಂಟೆಯಾದರೂ ಅಂತರ ಇರಲಿ.